ಮಗಳ ಮೊದಲ ಹುಟ್ಟುಹಬ್ಬ: ಹಾಲ್ ಬುಕ್ ಮಾಡೋದಾ, ಮನೆಯಲ್ಲೇ ಮಾಡೋದಾ?

ಪ್ರಶ್ನೆ: ಮೇಡಂ, ಕಳೆದ ವರ್ಷ ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಮೂಲಕ ಮಗಳನ್ನು ದತ್ತು ತೆಗೆದುಕೊಂಡೆವು. ಬರುವ ತಿಂಗಳು ಅವಳಿಗೆ ನಾಲ್ಕು ತುಂಬುತ್ತದೆ, ನಮ್ಮ ಮನೆಯಲ್ಲಿ ಇದು ಅವಳ ಮೊದಲ ಹುಟ್ಟುಹಬ್ಬ. ಮೈದುನ ಹಾಲ್ ಬುಕ್ ಮಾಡಿ ಊರಿಗೆಲ್ಲ ಊಟ ಹಾಕೋಣ ಅಂತಾನೆ. ನಮ್ಮವರಿಗೆ ಅವಳಿದ್ದ ಶಿಶುಗೃಹಕ್ಕೇ ಅವಳನ್ನು ಕರೆದುಕೊಂಡು ಹೋಗಿ ಅಲ್ಲಿನ ಮಕ್ಕಳಿಗೆ ಸಿಹಿ ಹಂಚುವ ಆಸೆ. ಸರ್ಟಿಫಿಕೇಟಿನಲ್ಲಿರುವ ತಾರೀಕು ಡಾಕ್ಟರ್ ಅಂದಾಜು ಮಾಡಿದ್ದು, ಹಾಗಾಗಿ ನಕ್ಷತ್ರ ಗೊತ್ತಿಲ್ಲದೆ ಅರ್ಚನೆ ಹೇಗೆ ಮಾಡಿಸೋದು ಅಂತ ಅತ್ತೆಯ ಚಿಂತೆ. ಮೊನ್ನೆ ಪಕ್ಕದ ಮನೆ ಹುಡುಗನ ಹುಟ್ಟುಹಬ್ಬಕ್ಕೆ ಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿದ ಕೂಡಲೇ ಇವಳು ನನ್ನ ಸೀರೆ ಹಿಡಿದುಕೊಂಡು ಅತ್ತದ್ದು ಅತ್ತದ್ದೇ. ಏನು ಮಾಡಲಿ?
— ಹಾಸನ ಜಿಲ್ಲೆಯಿಂದ ಒಬ್ಬ ತಾಯಿ

ಉತ್ತರ: ಹಾಲ್ ಬೇಡ. ಈ ವರ್ಷವಂತೂ ಬೇಡವೇ ಬೇಡ. ಮೈದುನನ ಪ್ರೀತಿ ದೊಡ್ಡದು, ಅದಕ್ಕೆ ಬೇಜಾರು ಮಾಡದೆ ಹೇಳಿ, ಆದರೆ ಗಟ್ಟಿಯಾಗಿ ಹೇಳಿ.

ನಿಮ್ಮ ಮಗಳು ಯಾಕೆ ಅತ್ತಳು ಅಂತ ಸ್ವಲ್ಪ ಯೋಚಿಸಿ. ನಮ್ಮ ಕಡೆ ಜನ ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಆಶ್ರಮಗಳಿಗೆ ಹೋಗಿ ಕೇಕ್ ಕತ್ತರಿಸುವುದು ಈಗ ಬಹಳ ಸಾಮಾನ್ಯ. ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ. ಆದರೆ ಅಲ್ಲಿ ಬೆಳೆಯುವ ಮಗುವಿಗೆ ಹುಟ್ಟುಹಬ್ಬ ಅಂದರೆ ಗೊತ್ತಿರೋದು ಇಷ್ಟೇ: ಯಾರೋ ಬರುತ್ತಾರೆ, ಹೊಸ ಬಟ್ಟೆ ಹಾಕಿದ ಬೇರೆ ಮಗು ಮಧ್ಯದಲ್ಲಿ ನಿಲ್ಲುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಎತ್ತಿಕೊಂಡು ಮುದ್ದು ಮಾಡುತ್ತಾರೆ, ಆಮೇಲೆ ಕಾರು ಹತ್ತಿ ಹೋಗಿಬಿಡುತ್ತಾರೆ. ಇನ್ನೊಂದು ವಿಷಯವೂ ಇದೆ. ಅವಳು ನಿಮ್ಮ ಮನೆಗೆ ಬಂದ ದಿನ ಹೇಗಿತ್ತು ನೆನಪು ಮಾಡಿಕೊಳ್ಳಿ. ಅವತ್ತೂ ಅವಳಿಗೆ ಹೊಸ ಫ್ರಾಕ್ ಹಾಕಿರಬಹುದು, ಫೋಟೋ ತೆಗೆದಿರಬಹುದು, ಸುತ್ತ ಜನ ಸೇರಿರಬಹುದು. ಅವತ್ತು ಸಂಜೆಯ ಹೊತ್ತಿಗೆ ಅವಳಿಗೆ ಗೊತ್ತಿದ್ದ ಎಲ್ಲರೂ, ಊಟ ಮಾಡಿಸುತ್ತಿದ್ದ ಆಯಾ, ಪಕ್ಕದ ತೊಟ್ಟಿಲಿನ ಮಗು, ಅವಳ ಹಾಸಿಗೆ, ಎಲ್ಲವೂ ಒಟ್ಟಿಗೆ ಹೋಗಿಬಿಟ್ಟವು. ನಿಮಗೆ ಅದು ಬಾಳಿನ ಅತಿ ಸಂತೋಷದ ದಿನ, ಅವಳಿಗೆ ಹಾಗಲ್ಲದೆ ಇರಬಹುದು. ಜನ, ಹೊಸ ಬಟ್ಟೆ, ಗದ್ದಲ ಎಲ್ಲ ಮತ್ತೆ ಒಟ್ಟಿಗೆ ಸೇರಿದರೆ ಇವತ್ತು ಇನ್ನೆಲ್ಲಿಗೋ ಕಳಿಸುತ್ತಾರೆ ಅಂತ ಅನಿಸಿದರೆ ಆಶ್ಚರ್ಯ ಇಲ್ಲ ಅಲ್ವಾ?

ಅದಕ್ಕೇ ನಿಮ್ಮವರ ಆಸೆಗೂ ನಾನು ಈಗ ಬೇಡ ಅಂತಲೇ ಹೇಳುತ್ತೇನೆ. ಮಗು ನಿಮ್ಮಲ್ಲಿ ಇನ್ನೂ ಬೇರು ಬಿಡುತ್ತಿದೆ, ಈ ಹೊತ್ತಲ್ಲಿ ಅದೇ ಗೇಟಿನ ಮುಂದೆ ಕಾರು ನಿಂತರೆ ವಾಪಸ್ ಬಿಡೋಕೆ ಬಂದರು ಅಂತ ಅಂದುಕೊಳ್ಳಬಹುದು. ಸಿಹಿ ಕಳಿಸಲೇಬೇಕಾ? ಇನ್ನೊಂದು ದಿನ ಅವರೊಬ್ಬರೇ ಹೋಗಿ ಕೊಟ್ಟು ಬರಲಿ. ಹೋದಾಗ ಅಲ್ಲಿನ ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕುವುದು ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಶ್ರಮಕ್ಕೆ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಹಾಗಾದರೆ ಮನೆಯಲ್ಲಿ ಹೇಗೆ ಮಾಡೋದು? ಹಿಂದಿನ ವಾರದಿಂದಲೇ ಅವಳಿಗೆ ಹೇಳುತ್ತಾ ಬನ್ನಿ. ಬಟ್ಟೆ ಅವಳೇ ಆರಿಸಲಿ, ಒಂದೆರಡು ದಿನ ಮೊದಲೇ ಹಾಕಿಕೊಂಡು ಆಡಲಿ, ಕೊಳೆಯಾದರೂ ಪರವಾಗಿಲ್ಲ. ಅವತ್ತು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ನೀವೇ ನೀರು ಹಾಕಿ, ಅತ್ತೆಯವರು ಆರತಿ ಮಾಡಲಿ, ಅವಳಿಗೆ ಇಷ್ಟವಾದ ಒಂದು ಸಿಹಿ ಇರಲಿ, ಶಾವಿಗೆ ಪಾಯಸವೋ ಕೇಸರಿಭಾತೋ. ಕರೆಯುವುದು ಅವಳು ಹೆಸರು ಹಿಡಿದು ಕರೆಯಬಲ್ಲವರನ್ನು ಮಾತ್ರ. ಕೇಕ್ ಬೇಕಾದರೆ ತನ್ನಿ, ಆದರೆ ಅವಳು ನಿಮ್ಮ ತೊಡೆಯ ಮೇಲೆ ಕೂತಿರಲಿ, ಬಲೂನ್ ಒಡೆಯೋದು, ಮುಖಕ್ಕೆ ಕ್ರೀಮ್ ಬಳಿಯೋದು ಯಾವುದೂ ಬೇಡ. ಬಂದವರು ಕೇಳದೆ ಎತ್ತಿಕೊಳ್ಳಬಾರದು. ಇದನ್ನು ಬಾಗಿಲಲ್ಲೇ ಹೇಳಿಬಿಡಿ, ಯಾರೂ ತಪ್ಪು ತಿಳಿಯಲ್ಲ. ಅವಳು ಲಡ್ಡುವನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡರೆ ಬೈಯಬೇಡಿ, ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಅದು ಇರುತ್ತದೆ, ಸಿಹಿ ನಾಳೆಯೂ ಇರುತ್ತೆ ಅಂತ ಡಬ್ಬ ತೋರಿಸಿ ಹೇಳಿ. ಬೆಳಿಗ್ಗೆಯಿಂದ ಆಗಾಗ ಹೇಳಬೇಕಾದ ಮಾತು ಇನ್ನೊಂದಿದೆ: 'ಆಮೇಲೆ ಅವರೆಲ್ಲ ಅವರವರ ಮನೆಗೆ ಹೋಗ್ತಾರೆ, ನೀನು ನಾನು ಅಪ್ಪ ಅಜ್ಜಿ ಇಲ್ಲೇ ಮಲಗ್ತೀವಿ.'

ನಕ್ಷತ್ರದ ವಿಷಯ. ಜನ್ಮನಕ್ಷತ್ರ ಗೊತ್ತಿಲ್ಲದವರಿಗೆ ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುವ ಪದ್ಧತಿ ಹಳೆಯದು. ಹೆಸರು 'ಮ'ದಿಂದ ಶುರುವಾದರೆ ಮಖಾ, 'ಚು' ಅಂದರೆ ಅಶ್ವಿನಿ, ಹೀಗೆ. ಅರ್ಚಕರನ್ನು ಕೇಳಿದರೆ ಅವರೇ ಹೇಳುತ್ತಾರೆ. ಗೋತ್ರ ನಿಮ್ಮದೇ. ಕಾನೂನಿನಲ್ಲೂ ದತ್ತು ಆದೇಶ ಬಂದ ದಿನದಿಂದ ಅವಳು ನಿಮ್ಮ ಮಗಳು, ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಇರುವ ಹಕ್ಕೆಲ್ಲ ಅವಳಿಗೂ ಇದೆ. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ. ಮೊಮ್ಮಗಳ ಹೆಸರಲ್ಲಿ ಅರ್ಚನೆ ಮಾಡಿಸಬೇಕು ಅಂತ ಅವರಿಗೆ ಅನಿಸಿದೆಯಲ್ಲ, ಅದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಇವತ್ತಲ್ಲ ನಾಳೆ, ಹೆಚ್ಚಾಗಿ ಇಂಥದ್ದೇ ಒಂದು ದಿನ, ಅವಳು 'ನಾನು ಹುಟ್ಟಿದಾಗ ಹೇಗಿದ್ದೆ?' ಅಂತ ಕೇಳುತ್ತಾಳೆ. ಆಸ್ಪತ್ರೆಯ ಕಥೆ ಕಟ್ಟಬೇಡಿ. ನೀನು ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿ ಬೆಳೆದು ಹುಟ್ಟಿದೆ, ಅವರಿಗೆ ನಿನ್ನನ್ನು ಸಾಕೋಕೆ ಆಗಲಿಲ್ಲ, ಶಿಶುಗೃಹದಲ್ಲಿ ಆಂಟಿಯರು ನೋಡಿಕೊಂಡರು, ಆಮೇಲೆ ನಾವು ಬಂದೆವು. ನಾಲ್ಕು ವರ್ಷಕ್ಕೆ ಇಷ್ಟು ಸಾಕು. ಆ ತಾಯಿ ಬಿಸಾಕಿ ಹೋದಳು ಅನ್ನುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಪ್ರೀತಿ ಜಾಸ್ತಿ ಇದ್ದಿದ್ದಕ್ಕೇ ಕೊಟ್ಟರು ಅನ್ನುವುದೂ ಬೇಡ, ಹಾಗಾದರೆ ಪ್ರೀತಿ ಮಾಡುವವರೆಲ್ಲ ಒಂದು ದಿನ ಬಿಟ್ಟುಕೊಡುತ್ತಾರೆ ಅಂತ ಮಗು ಲೆಕ್ಕ ಹಾಕುತ್ತದೆ. ಬಂದ ನೆಂಟರು 'ಪುಣ್ಯ ಕಟ್ಟಿಕೊಂಡಿರಿ ಕಣಮ್ಮ' ಅಂದರೆ ಸುಮ್ನೆ ನಗಬೇಡಿ. ಅವಳ ಎದುರೇ ಹೇಳಿ, 'ಪುಣ್ಯ ಅಲ್ಲ, ನಮಗೆ ಮಗಳು ಬೇಕಿತ್ತು.' ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ.

ಎಳೆಯ ವಯಸ್ಸಿನ ಫೋಟೋಗಳಿಗಾಗಿ ಶಿಶುಗೃಹದವರನ್ನು ಈಗಲೇ ಕೇಳಿ. ಮುಂದೆ ಶಾಲೆಯಲ್ಲಿ 'ಮಗುವಾಗಿದ್ದಾಗಿನ ಫೋಟೋ ತನ್ನಿ' ಅಂದಾಗ ಬೇಕಾಗುತ್ತದೆ. ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ದತ್ತು ಸಂಸ್ಥೆಯ ಕಡೆಯವರು ಮಗು ಹೇಗಿದೆ ಅಂತ ನೋಡಲು ಬರುತ್ತಾರಲ್ಲ, ಚಪ್ಪಾಳೆಗೆ ಅತ್ತ ವಿಷಯವನ್ನು ಅವರ ಹತ್ತಿರ ಮುಚ್ಚಿಡದೆ ಹೇಳಿ. ಸಹಾಯ ಮಾಡೋಕೇ ಅವರು ಬರುವುದು.

ಪ್ರಶ್ನೆ: ತಮ್ಮನ ದತ್ತು ಮಗನ ಹುಟ್ಟುಹಬ್ಬಕ್ಕೆ ಹೋಗಬೇಕು. ನನ್ನ ಮಗನಿಗೆ ಏಳು ವರ್ಷ, ಅಲ್ಲಿ ಎಲ್ಲರ ಮುಂದೆ ಏನಾದರೂ ಅಂದುಬಿಟ್ಟರೆ ಅಂತ ಭಯ. ನನ್ನ ಮಗನ ಹಳೆ ಬಟ್ಟೆಗಳು ಚೆನ್ನಾಗೇ ಇವೆ, ಕೊಡಬಹುದಾ?
— ಬೆಂಗಳೂರು

ಉತ್ತರ: ದತ್ತು ಅನ್ನುವುದು ನಾಚಿಕೆಪಡುವ ಗುಟ್ಟಲ್ಲ. ಆದರೆ ಅದು ಆ ಮಗುವಿನ ಸ್ವಂತ ವಿಷಯ, ಹೇಳುವುದು ಬಿಡುವುದು ಅವನಿಗೆ ಮತ್ತು ಅವನ ಅಪ್ಪ ಅಮ್ಮನಿಗೆ ಸೇರಿದ್ದು. ಮಗನಿಗೆ ಇಷ್ಟನ್ನೇ ಹೇಳಿ, ಏಳು ವರ್ಷದ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. 'ನಿಜವಾದ ಅಮ್ಮ ಯಾರು' ಅಂತ ಕೇಳಿದರೆ, ತಮ್ಮನ ಹೆಂಡತಿಯ ಹೆಸರನ್ನೇ ಹೇಳಿ. ಬಟ್ಟೆ ಬೇರೆ ದಿನ ಕೊಡಿ, ಅಣ್ಣನ ಬಟ್ಟೆ ತಮ್ಮ ಹಾಕುವುದು ಎಲ್ಲರ ಮನೆಯಲ್ಲೂ ಇದೆ. ಹುಟ್ಟುಹಬ್ಬದ ದಿನ ಮಾತ್ರ ಹೊಸದೇ ಕೊಡಿ, ಸಣ್ಣ ಚೆಂಡಾದರೂ ಸರಿ.

ಪ್ರಶ್ನೆ: ಮಗನ ದಾಖಲೆಯ ತಾರೀಕು ಹೇಗಿದ್ದರೂ ಅಂದಾಜಿನದು. ಅವನು ಮನೆಗೆ ಬಂದ ದಿನವನ್ನೇ ಹುಟ್ಟುಹಬ್ಬ ಅಂತ ಮಾಡಬಹುದಾ?
— ಶಿವಮೊಗ್ಗ

ಉತ್ತರ: ಬೇಡ. ದತ್ತು ಆದೇಶದಲ್ಲಿರುವ ತಾರೀಕೇ ಬರ್ತ್ ಸರ್ಟಿಫಿಕೇಟ್, ಆಧಾರ್, ಶಾಲೆ ಎಲ್ಲ ಕಡೆ ಇರುತ್ತದೆ. ತರಗತಿಯಲ್ಲಿ ಟೀಚರ್ ಒಂದು ದಿನ ವಿಶ್ ಮಾಡಿ, ಮನೆಯಲ್ಲಿ ಇನ್ನೊಂದು ದಿನ ಕೇಕ್ ಕತ್ತರಿಸಿದರೆ ಅವನಿಗೇ ಗೊಂದಲ. ಅದೂ ಅಲ್ಲದೆ ನಿಮ್ಮ ಮನೆಗೆ ಬರುವ ಮೊದಲೂ ಅವನು ಇದ್ದ, ಬೆಳೆದ. ಆ ದಿನಗಳನ್ನು ಲೆಕ್ಕದಿಂದ ತೆಗೆಯಬಾರದು. ಮನೆಗೆ ಬಂದ ದಿನವನ್ನು ಬೇರೆಯಾಗಿ, ನೀವು ನೀವೇ, ಒಂದು ದೋಸೆ ತಿಂದು ಬರುವಷ್ಟು ಸಣ್ಣದಾಗಿ ಮಾಡಿ. ಅವನಿಗೆ ಬೇಡ ಅನಿಸಿದ ವರ್ಷ ಬಿಟ್ಟುಬಿಡಿ. ಆ ದಿನ ಶಿಶುಗೃಹದ ಆಂಟಿ ಎಲ್ಲಿ ಅಂತ ಕೇಳಿದರೆ ಮಾತು ತಿರುಗಿಸಬೇಡಿ, ಅಲ್ಲಿಗೆ ಫೋನ್ ಮಾಡಿ, ಅವರ ಹತ್ತಿರ ಮಾತಾಡಿಸೋಕೆ ಆಗುತ್ತಾ ಅಂತ ಕೇಳಿ ನೋಡಿ.