ಅವ್ವನಿಗೆ ಯಾವ ಸಿನಿಮಾ?

ಪ್ರಶ್ನೆ: ನಮ್ಮ ಕೊಪ್ಪಳದ ಚಿಕ್ಕ ಟಾಕೀಸಿನಲ್ಲಿ ಮುಂದಿನ ಎರಡು ಭಾನುವಾರ ‘ತಿಥಿ’, ‘ಘಟಶ್ರಾದ್ಧ’ ಹಾಕ್ತಾರಂತೆ. ಅವ್ವನಿಗೆ 68 ವರ್ಷ, ಟಾಕೀಸಿಗೆ ಹೋಗದೆ ಬಹಳ ದಿನವಾಯಿತು. ಯಾವುದಕ್ಕೆ ಕರೆದುಕೊಂಡು ಹೋಗಲಿ?

ಉತ್ತರ: ಮೊದಲು ‘ತಿಥಿ’. ಊರ ಹಿರಿಯಜ್ಜ 101ನೇ ವಯಸ್ಸಿಗೆ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನಟಿಸಿದವರು ಮಂಡ್ಯ ಕಡೆಯ ಹಳ್ಳಿ ಜನ. ಆ ಕಡೆಯ ಆಡುಮಾತು ಅವ್ವನಿಗೆ ಹತ್ತು ನಿಮಿಷ ಹೊಸದು ಅನ್ನಿಸಬಹುದು. ಆದರೆ ಕಥೆಯಲ್ಲಿ ಬರುವಂಥ ಜಮೀನಿನ ತಕರಾರು ಯಾವ ಊರಲ್ಲಿಲ್ಲ, ಅಲ್ವಾ?

‘ಘಟಶ್ರಾದ್ಧ’ ಬೇರೆಯೇ. 1977ರ ಕಪ್ಪು-ಬಿಳುಪು ಚಿತ್ರ, ಗಿರೀಶ್ ಕಾಸರವಳ್ಳಿ ಅವರ ಮೊದಲನೆಯದು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದದ್ದು. ವಿಧವೆ ಯಮುನಾಳ ಕಷ್ಟವನ್ನು ಪುಟ್ಟ ಹುಡುಗನೊಬ್ಬ ನೋಡುತ್ತಾನೆ. ನಾನು ನನ್ನ ಅವ್ವನ ಜೊತೆ ನೋಡಿದ್ದೆ. ತಲೆ ಬೋಳಿಸಿದ ಯಮುನಾ ಕಂಡಾಗ ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದಳು. ಮನೆ ಮುಟ್ಟೋತನಕ ಮಾತಿಲ್ಲ. ರಾತ್ರಿ ರೊಟ್ಟಿ ಬಡಿಯುತ್ತಾ ತನ್ನ ಸೋದರತ್ತೆಯ ಕಥೆ ಹೇಳಿದಳು. ಅದನ್ನು ನಾನು ಅಲ್ಲಿವರೆಗೂ ಕೇಳಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಎರಡನೇ ವಾರವೂ ಬಿಡಬೇಡಿ.

ತುದಿಯ ಸೀಟು ಕೇಳಿ. ದೀಪ ಆರುವ ಮೊದಲೇ ಅವ್ವನನ್ನು ಕೂರಿಸಿ.