ಇಸವಿಯೇ ಇಲ್ಲದ ಐರಿಷ್ ನಾಟಕದ ಪ್ರೋಗ್ರಾಂಗಳು ಯಾವ ಕಾಲದವು ಅಂತ ಪತ್ತೆ ಹಚ್ಚುವುದು ಹೇಗೆ?

ಡಬ್ಲಿನ್‌ನಲ್ಲಿ ಹಳೇ ನಾಟಕದ ಪ್ರೋಗ್ರಾಂಗಳ (ನೋಡಲು ಬಂದವರಿಗೆ ಕೊಡುತ್ತಿದ್ದ ಅಚ್ಚಿನ ಹಾಳೆಗಳ) ಒಂದು ಕಟ್ಟು ಸಿಕ್ಕಿದೆ, ಅದರಲ್ಲೇ ಚರ್ಚ್ ಸಮಾರಂಭಗಳ ಹಾಳೆಗಳೂ ಇವೆ, ಇಸವಿ ಮಾತ್ರ ಇಲ್ಲ ಅಂತ ಕೇಳಿದ್ದೀರಿ. ಮೊದಲು ಜಾಹೀರಾತು ಓದಿ. ಹಳೇ ಕಾಗದ ಕೂಡಿಡುವ ಚಟ ಇರುವ ನಾನು ಶುರು ಮಾಡುವುದೇ ಅಲ್ಲಿಂದ.

ಎಷ್ಟೋ ಪ್ರೋಗ್ರಾಂಗಳಲ್ಲಿ ವಾರ, ತಾರೀಖು, ತಿಂಗಳು ಅಷ್ಟೇ ಇರುತ್ತದೆ. ನೋಡಲು ಬಂದವರಿಗೆ ಯಾವ ವರ್ಷ ಅಂತ ಗೊತ್ತಿತ್ತಲ್ವಾ! ಅದೇ ವಾರ ಅದೇ ತಾರೀಖಿಗೆ ಬರುವ ವರ್ಷಗಳನ್ನು ಕ್ಯಾಲೆಂಡರ್ ನೋಡಿ ಬರೆದುಕೊಳ್ಳಿ. ಆಮೇಲೆ ಜಾಹೀರಾತಿನಲ್ಲಿರುವ ಅಂಗಡಿಗಳ ವಿಳಾಸ ನೋಡಿ. ಡಬ್ಲಿನ್‌ನ ಮುಖ್ಯ ಬೀದಿ ಸ್ಯಾಕ್‌ವಿಲ್ ಸ್ಟ್ರೀಟ್ ಅಂತಿದ್ದರೆ ಹೆಚ್ಚುಕಮ್ಮಿ 1924ಕ್ಕೆ ಮುಂಚಿನದು, ಆ ವರ್ಷ ಅದರ ಹೆಸರು ಅಧಿಕೃತವಾಗಿ ಓಕಾನೆಲ್ ಸ್ಟ್ರೀಟ್ ಆಯಿತು. ಆದರೆ ಓಕಾನೆಲ್ ಅಂತಿದ್ದ ಮಾತ್ರಕ್ಕೆ ಆಮೇಲಿನದು ಅನ್ನಬೇಡಿ, ಜನ ಮುಂಚೆಯೇ ಹಾಗೆ ಕರೆಯುತ್ತಿದ್ದರು. ಬೆಲೆ ಹಳೇ ನಾಣ್ಯವಾದ ಶಿಲ್ಲಿಂಗ್‌ನಲ್ಲಿದ್ದರೆ, ದಶಮಾಂಶ ನಾಣ್ಯ ಬಂದ 1971ರ ಫೆಬ್ರವರಿಗಿಂತ ಹಿಂದಿನದು. ಡಬ್ಲಿನ್‌ನ ರಾಷ್ಟ್ರೀಯ ರಂಗಮಂದಿರವಾದ ಆಬಿ ಥಿಯೇಟರ್ ತಂಡದ ನಾಟಕ, ಆದರೆ ಜಾಗ ಅದೇ ಊರಿನ ಕ್ವೀನ್ಸ್ ಥಿಯೇಟರ್ ಅಂತಿದ್ದರೆ ಇನ್ನೂ ಸುಲಭ: 1951ರ ಜುಲೈನಲ್ಲಿ ಆಬಿ ಸುಟ್ಟುಹೋಗಿ, ಹೊಸ ಕಟ್ಟಡ 1966ರಲ್ಲಿ ತೆರೆಯುವ ತನಕ ತಂಡ ಹೆಚ್ಚುಕಮ್ಮಿ ಅಲ್ಲೇ ಇತ್ತು.

ಒಂದು ಎಚ್ಚರ. ಅಚ್ಚಾಗಿದೆ ಅಂದಮಾತ್ರಕ್ಕೆ ನಾಟಕ ನಡೆದಿದೆ ಅಂತ ಅಲ್ಲ. 1916ರ ಏಪ್ರಿಲ್ 25, ಮಂಗಳವಾರ, ಆಬಿಯಲ್ಲಿ ಟಿ.ಎಚ್. ನ್ಯಾಲಿ ಅವರ 'ದಿ ಸ್ಪ್ಯಾನ್ಸೆಲ್ ಆಫ್ ಡೆತ್' ಮೊದಲ ಪ್ರದರ್ಶನ ಆಗಬೇಕಿತ್ತು. ಹಿಂದಿನ ದಿನವೇ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಈಸ್ಟರ್ ದಂಗೆ ಶುರುವಾಯಿತು, ಆಬಿಯ ನಟ ಶಾನ್ ಕಾನಲಿ ಅಂದೇ ಗುಂಡಿಗೆ ಬಲಿಯಾದರು, ನಾಟಕ ರದ್ದಾಯಿತು. ಹಾಗಾಗಿ ಮಾರನೇ ದಿನದ ಪತ್ರಿಕೆಯಲ್ಲಿ ವಿಮರ್ಶೆ ಬಂದಿದೆಯಾ ಅಂತ ನೋಡಿಯೇ ಬಿಡಿ.

ನನ್ನ ಕೈಗೆ ಸಿಕ್ಕರೆ ಸಾಕು ಅನ್ನಿಸುವ ಪ್ರೋಗ್ರಾಂ ಒಂದಿದೆ. 1913ರ ಮೇ 17ರಂದು ಆಬಿಯಲ್ಲಿ ಪ್ಯಾಟ್ರಿಕ್ ಪಿಯರ್ಸ್ ಅವರ ಶಾಲೆಗೆ ದುಡ್ಡು ಕೂಡಿಸಲು ಪ್ರದರ್ಶನ ಇತ್ತು. ಪಿಯರ್ಸ್ ಬರೆದ ಐರಿಷ್ ನಾಟಕದ ಜೊತೆ ಆಡಿದ್ದು ನಮ್ಮ ಟಾಗೋರರ 'ದಿ ಪೋಸ್ಟ್ ಆಫೀಸ್'. ಟಾಗೋರರಿಗೆ ನೊಬೆಲ್ ಬಂದದ್ದು ಅದೇ ವರ್ಷದ ಕೊನೆಗೆ. ಈಸ್ಟರ್ ದಂಗೆಯ ನಾಯಕರಲ್ಲೊಬ್ಬರಾದ ಪಿಯರ್ಸ್‌ಗೆ 1916ರಲ್ಲಿ ಮರಣದಂಡನೆ ಆಯಿತು.

ಚರ್ಚ್ ಹಾಳೆಗಳಲ್ಲಿ 1932ರ ಯೂಕರಿಸ್ಟಿಕ್ ಕಾಂಗ್ರೆಸ್‌ನವು (ಡಬ್ಲಿನ್‌ನಲ್ಲಿ ನಡೆದ ಕ್ಯಾಥೊಲಿಕ್ಕರ ಅಂತರರಾಷ್ಟ್ರೀಯ ಸಮಾವೇಶ) ಇದ್ದರೆ ತೀರಾ ಹಿಗ್ಗಬೇಡಿ. ಫೀನಿಕ್ಸ್ ಪಾರ್ಕಿನ ಪೂಜೆಗೇ ಹತ್ತು ಲಕ್ಷದಷ್ಟು ಜನ ಸೇರಿದ್ದರು ಅನ್ನುತ್ತಾರೆ, ಆ ಕಾಗದ ಜಾಸ್ತಿಯೇ ಉಳಿದಿದೆ. ಯಾವುದೋ ಊರಿನ ಚರ್ಚ್ ಹಾಲ್‌ನಲ್ಲಿ ನಡೆದ ಡಾನ್ಸ್, ಇಸ್ಪೀಟು ಸಂಜೆಯ ಚೀಟಿ ಇದ್ದರೆ ನನ್ನ ಮಟ್ಟಿಗೆ ಅದೇ ಹೆಚ್ಚು. 1935ರ ಕಾನೂನು ಬಂದಮೇಲೆ ಸಾರ್ವಜನಿಕ ಡಾನ್ಸ್‌ಗೆ ಕೋರ್ಟಿನ ಲೈಸೆನ್ಸ್ ಬೇಕಾಯಿತು, ಮನೆಗಳಲ್ಲಿ ನಡೆಯುತ್ತಿದ್ದ ಕುಣಿತಗಳು ಕುಗ್ಗಿ ಪಾದ್ರಿಗಳ ಕಣ್ಣಳತೆಯ ಹಾಲ್‌ಗಳಿಗೆ ಬಂದವು. ಅಂಥ ಚೀಟಿಗಳನ್ನು ಯಾರೂ ಎತ್ತಿಡುತ್ತಿರಲಿಲ್ಲ.

ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ನಟನ ಹೆಸರು ಹೊಡೆದು ಇನ್ನೊಂದು ಬರೆದಿದ್ದರೆ ಅಳಿಸಬೇಡಿ, ಆವತ್ತು ಪಾತ್ರ ಯಾರು ಮಾಡಿದರು ಅನ್ನುವುದಕ್ಕೆ ಅದೊಂದೇ ಸಾಕ್ಷಿ ಇರಬಹುದು. ತುಕ್ಕು ಹಿಡಿದ ಪಿನ್ ಸುಮ್ನೆ ಎಳೆದರೆ ಹಾಳೆ ಹರಿಯುತ್ತದೆ, ಹಿಂದಿನಿಂದ ಮೆಲ್ಲಗೆ ಬಿಡಿಸಿ. ಆಬಿಯವನ್ನು ಗಾಲ್ವೇ ವಿಶ್ವವಿದ್ಯಾಲಯದಲ್ಲಿರುವ ಆಬಿಯ ಡಿಜಿಟಲ್ ಸಂಗ್ರಹಕ್ಕೆ, ಉಳಿದವನ್ನು ಡಬ್ಲಿನ್‌ನ ನ್ಯಾಷನಲ್ ಲೈಬ್ರರಿಯಲ್ಲಿರುವುದಕ್ಕೆ ಹೋಲಿಸಿ ನೋಡಿ. ಮಾರುವ ಯೋಚನೆ ಇದ್ದರೂ ಅದಾದ ಮೇಲೇ ಮಾರಿ.