ಮೇಫ್ಲೈ ಕ್ಯಾಲೆಂಡರ್ ನೋಡಿ ಬರುವುದಿಲ್ಲ

ಏಪ್ರಿಲ್ ಬಂತೆಂದರೆ ನನಗೆ ಪತ್ರಗಳ ಕಾಟ ಶುರು. ಡಬ್ಲಿನ್, ಕಾರ್ಕ್, ಲಿಮ್ರಿಕ್‌ನ ಕನ್ನಡಿಗರು ಬರೆಯುತ್ತಾರೆ, ಮಕ್ಕಳ ಮನೆಗೆಂದು ಬಂದು ಆರು ತಿಂಗಳು ಇಲ್ಲೇ ಉಳಿಯುವ ನಿವೃತ್ತರು ಬರೆಯುತ್ತಾರೆ. ಐರ್ಲೆಂಡಿನ ಪಶ್ಚಿಮದಲ್ಲಿ, ಕಾರಿಬ್ ಸರೋವರದ ಹತ್ತಿರ ಇದ್ದೇನೆ, ಟ್ರೌಟ್ ಎಂಬ ಸಿಹಿನೀರಿನ ಮೀನನ್ನು ಗಾಳ ಹಾಕಿ ಹಿಡಿಯುವ ಬಗ್ಗೆ ಕೇಳಿದರೆ ಹೇಳುತ್ತೇನೆ ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ. ಹೇಳುವುದಕ್ಕೇನೂ ಬೇಜಾರಿಲ್ಲ. ಅದೇ ಪ್ರಶ್ನೆ, ಅದೇ ತಪ್ಪು ಮಾಹಿತಿಯ ಮೇಲೆ ಕಟ್ಟಿದ ಅದೇ ಪ್ರಶ್ನೆ ಪ್ರತಿ ವರ್ಷ ಬಂದಾಗ ಬೇಜಾರಾಗುತ್ತದೆ. ರಾಡ್ ಬೀಸುವುದು, ಗಂಟು ಹಾಕುವುದು ಇವನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಅದನ್ನು ಪಾರ್ಕಿನ ಹುಲ್ಲಿನ ಮೇಲೆ ನಿಂತು ಯಾರಿಂದಲಾದರೂ ಕಲಿತುಕೊಂಡು ಬನ್ನಿ.

ಸರ್, ಇಲ್ಲಿ ಟ್ರೌಟ್ ಹಿಡಿಯೋಕೆ ಲೈಸೆನ್ಸೇ ಬೇಡ, ಎಲ್ಲಾ ಫ್ರೀ ಅಂತಾರೆ. ನಿಜಾನಾ? (ಡಬ್ಲಿನ್)

ಅರ್ಧ ನಿಜ. ಐರ್ಲೆಂಡ್ ಗಣರಾಜ್ಯದಲ್ಲಿ ಬ್ರೌನ್ ಟ್ರೌಟ್‌ಗೆ ಸರ್ಕಾರಿ ಲೈಸೆನ್ಸ್ ಇಲ್ಲ. ಸಮುದ್ರಕ್ಕೆ ಹೋಗಿ ಬರುವ ಸಾಲ್ಮನ್ ಮತ್ತು ಸೀ ಟ್ರೌಟ್‌ಗೆ ಬೇಕೇ ಬೇಕು. ಆದರೆ ಲೈಸೆನ್ಸ್ ಬೇರೆ, ಪರ್ಮಿಟ್ ಬೇರೆ. ನದಿಗಳ ಬಹುಪಾಲು ದಂಡೆ ಯಾವುದಾದರೂ ಕ್ಲಬ್ಬಿನದೋ ಜಮೀನಿನವರದೋ ಆಗಿರುತ್ತದೆ. ನಿಮ್ಮ ಊರಿನ ಮಧ್ಯೆಯೇ ಹರಿಯುವ ಡಾಡರ್ ನದಿಯಲ್ಲಿ ಒಳ್ಳೆಯ ಟ್ರೌಟ್ ಇದೆ, ಅದಕ್ಕೂ ಕ್ಲಬ್ ಇದೆ. ಕಾರಿಬ್, ಮಾಸ್ಕ್‌ನಂಥ ದೊಡ್ಡ ಸರೋವರಗಳಲ್ಲಿ ಟ್ರೌಟ್‌ಗೆ ದುಡ್ಡಿಲ್ಲ. ಕ್ಯಾವನ್ ಕಡೆಯ ಸರೋವರ ಶೀಲಿನ್‌ಗೆ ಇನ್‌ಲ್ಯಾಂಡ್ ಫಿಶರೀಸ್ ಐರ್ಲೆಂಡ್, ಅಂದರೆ ಎಲ್ಲರೂ ಐಎಫ್‌ಐ ಎನ್ನುವ ಸರ್ಕಾರಿ ಸಂಸ್ಥೆಯ ಪರ್ಮಿಟ್ ಬೇಕು. ಗಡಿ ದಾಟಿ ಉತ್ತರ ಐರ್ಲೆಂಡಿಗೆ ಹೋದರೆ ಕಾನೂನೇ ಬೇರೆ: ಅಲ್ಲಿ ಟ್ರೌಟ್‌ಗೂ ಲೈಸೆನ್ಸ್ ಬೇಕು, ಮೇಲೆ ಪರ್ಮಿಟ್ ಬೇರೆ. ಗಡಿಯಲ್ಲಿ ಗೇಟಿಲ್ಲ, ಬೋರ್ಡಿಲ್ಲ, ಗೊತ್ತಾಗಲಿಲ್ಲ ಎಂದು ಅಧಿಕಾರಿಯ ಮುಂದೆ ಹೇಳಿ ನೋಡಿ.

ಇನ್ನೊಂದು ಮಾತು. ಕ್ರಿಸ್ಮಸ್ ರಜೆಗೆ ಬರುತ್ತೇವೆ, ಟ್ರೌಟ್ ಸಿಗುತ್ತದಾ ಎಂದು ಕೇಳುವವರಿಗೆ: ಕಾರಿಬ್‌ನಲ್ಲಿ ಋತು ಫೆಬ್ರವರಿ 15ರಿಂದ ಸೆಪ್ಟೆಂಬರ್ 30ರವರೆಗೆ, ಶೀಲಿನ್‌ನಲ್ಲಿ ಮಾರ್ಚ್ 1ರಿಂದ ಅಕ್ಟೋಬರ್ 12ರವರೆಗೆ. ಉಳಿದ ಕಾಲ ಮೀನು ಮೊಟ್ಟೆ ಇಡುವ ಕೆಲಸದಲ್ಲಿರುತ್ತದೆ. ಅದನ್ನು ಅದರ ಪಾಡಿಗೆ ಬಿಡಿ.

ಮೇ 10ರಿಂದ ಐದು ದಿನ ರಜೆ ಹಾಕಿ ನಾವು ಮೂವರು ಗೆಳೆಯರು ಕಾರಿಬ್ ದಡದ ಔಟರಾರ್ಡ್‌ನಲ್ಲಿ ರೂಮು ಮಾಡಿದ್ದೆವು. ಅದೇ ಮೇಫ್ಲೈ ಹುಳ ಏಳುವ ವಾರ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು. ಅಂಗಡಿಯಲ್ಲಿ ಎರಡು ಡಜನ್ ಫ್ಲೈ (ಹುಳದಂತೆ ಕಟ್ಟಿದ ಗಾಳ), ಮೀನನ್ನು ಸೆಳೆಯುವ ವಾಸನೆಯ ಸ್ಪ್ರೇ ಎಲ್ಲಾ ತಗೊಂಡೆವು. ಐದೂ ದಿನ ಪೂರ್ವದ ಗಾಳಿ, ವಿಪರೀತ ಚಳಿ, ನೀರಿನ ಮೇಲೆ ಒಂದು ಹುಳ ಇಲ್ಲ, ಒಂದು ಮೀನಿಲ್ಲ. ನಾವು ಯಾವ ಫ್ಲೈ ಹಾಕಬೇಕಿತ್ತು? (ಕಾರ್ಕ್)

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ ಮಾರಾಯರೇ. ನೀರಿನ ಮೇಲೆ ಹುಳ ಇಲ್ಲ ಎಂದು ನೀವೇ ಬರೆದಿದ್ದೀರಿ. ಹುಳ ಏಳದ ಮೇಲೆ ಹುಳದಂಥ ಗಾಳ ಯಾವುದಾದರೇನು?

ಈ ಮೇಫ್ಲೈ, ವಿಜ್ಞಾನದವರ ಎಫಿಮೆರಾ ಡಾನಿಕಾ, ಸುಮಾರು ಎರಡು ವರ್ಷ ಸರೋವರದ ತಳದ ಕೆಸರಿನಲ್ಲಿ ಬಿಲ ಕೊರೆದುಕೊಂಡು ಮರಿಹುಳವಾಗಿ ಬದುಕುತ್ತದೆ. ನೀರು ಹದವಾಗಿ ಬೆಚ್ಚಗಾದಾಗ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಪದರದಲ್ಲೇ ಪೊರೆ ಬಿಚ್ಚಿ ರೆಕ್ಕೆ ಎತ್ತುತ್ತದೆ. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ: ಹಸಿರು ಹಳದಿ ಬೆರೆತ ರೆಕ್ಕೆ, ನೆಟ್ಟಗೆ ಮೇಲಕ್ಕೆ ಮಡಿಚಿದ್ದು, ಮೇಲೆ ಕಪ್ಪು ಮಚ್ಚೆ, ಹಿಂದೆ ಮೂರು ಕೂದಲೆಳೆಯಂಥ ಬಾಲ. ರೆಕ್ಕೆ ಒಣಗುವವರೆಗೆ ಅದು ಅಲೆಯ ಮೇಲೆ ಕೂತು ತೇಲುತ್ತದೆ. ಟ್ರೌಟ್‌ಗೆ ಹಬ್ಬ ಆಗಲೇ. ತಪ್ಪಿಸಿಕೊಂಡದ್ದು ದಂಡೆಯ ಪೊದೆ ಸೇರಿ, ಎಲೆಯ ಅಡಿಯಲ್ಲಿ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಈ ವರ್ಗ ಬಿಟ್ಟರೆ ಬೇರೆ ಇಲ್ಲ. ಆಮೇಲೆ ಊಟ ಇಲ್ಲ, ಅದಕ್ಕೆ ಬೇಕಾದ ಬಾಯಿಯೂ ಇಲ್ಲ. ಪೊದೆಗಳ ಪಕ್ಕ ಗಂಡುಗಳು ಗುಂಪುಗಟ್ಟಿ ಮೇಲೆ ಕೆಳಗೆ ಕುಣಿಯುತ್ತವೆ, ಹೆಣ್ಣು ನೀರಿಗೆ ಮರಳಿ ಮೊಟ್ಟೆ ಇಟ್ಟು ಸಾಯುತ್ತದೆ.

ಇದಕ್ಕೆಲ್ಲ ಮೇ 10 ಎಂಬ ಮುಹೂರ್ತ ಇಟ್ಟವರು ಯಾರು? ನೀರಿನ ಬಿಸಿ ನಿರ್ಧರಿಸುತ್ತದೆ. ವಸಂತ ಬೆಚ್ಚಗಿದ್ದರೆ ಬೇಗ, ತಂಪಾಗಿದ್ದರೆ ತಡ. ಒಂದೇ ಸರೋವರದಲ್ಲೂ ಒಂದೇ ದಿನ ಅಲ್ಲ. ಕಾರಿಬ್ ಸುಮಾರು 176 ಚದರ ಕಿಲೋಮೀಟರ್ ನೀರು. ಗಾಲ್ವೇ ಕಡೆಯ ಕೆಳಭಾಗ ಆಳವಿಲ್ಲ, ಬೇಗ ಕಾಯುತ್ತದೆ. ಉತ್ತರದ ಮೇಲ್ಭಾಗ ಆಳ, ನಿಧಾನ. ಒಂದು ಕೊಲ್ಲಿಯಲ್ಲಿ ಹುಳ ಮುಗಿಯುತ್ತಾ ಬಂದಿರುವಾಗ ಇನ್ನೊಂದರಲ್ಲಿ ಈಗಷ್ಟೇ ಏಳುತ್ತಿರುತ್ತದೆ. ಶೀಲಿನ್‌ನಲ್ಲಿ ಸಾಮಾನ್ಯವಾಗಿ ಮೇ ಮಧ್ಯ ದಾಟಬೇಕು. ಆದ್ದರಿಂದ ರಜೆ ಹಾಕುವುದೇ ಆದರೆ ಎರಡು ವಾರಾಂತ್ಯ ಹಂಚಿಕೊಂಡು ಹಾಕಿ, ಹೊರಡುವ ಹಿಂದಿನ ರಾತ್ರಿ ಅಲ್ಲಿನ ದೋಣಿಯವರಿಗೆ ಫೋನು ಮಾಡಿ ಹುಳ ಎದ್ದಿದೆಯಾ ಕೇಳಿ. ಎದ್ದಿಲ್ಲ ಎಂದರೆ ಮನೆಯಲ್ಲಿರಿ.

ಪೂರ್ವದ ಗಾಳಿ ಬಂದರೆ ಮೀನು ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಇಲ್ಲಿನ ಹಳಬರ ನಂಬಿಕೆ. ಮೀನಿಗೆ ದಿಕ್ಕು ಗೊತ್ತಿಲ್ಲ. ಆದರೆ ಮೇ ತಿಂಗಳ ಪೂರ್ವದ ಗಾಳಿ ಒಣ ಚಳಿ ತರುತ್ತದೆ, ಹುಳ ಏಳುವುದು ಕಡಿಮೆಯಾಗುತ್ತದೆ. ಹಾಗಾಗಿ ಕಾರಣ ತಪ್ಪಾದರೂ ಹಳಬರು ಮನೆಯಲ್ಲಿ ಕೂರುವುದು ಸರಿಯೇ. ಮೋಡ ಕವಿದು, ನೈಋತ್ಯದಿಂದ ಹದವಾದ ಗಾಳಿ ಬೀಸಿ, ಅಲೆಯ ತಲೆ ಅಲ್ಲಲ್ಲಿ ಬೆಳ್ಳಗೆ ಒಡೆಯುವಂತಿದ್ದರೆ ಬಿಡಬೇಡಿ. ಕಣ್ಣು ಮೀನಿಗಿಂತ ಮೊದಲು ಹಕ್ಕಿಯ ಮೇಲಿರಲಿ. ಗಲ್, ಟರ್ನ್, ಕವಲುತೋಕೆ ಒಂದೇ ಜಾಗದಲ್ಲಿ ನೀರಿಗೆ ತಾಗಿ ತಾಗಿ ಹಾರುತ್ತಿದ್ದರೆ ಹುಳ ಅಲ್ಲಿದೆ. ಆ ಗಾಳಿಯ ದಾರಿಯ ಮೇಲ್ಗಡೆಗೆ ಹೋಗಿ, ದೋಣಿಯನ್ನು ಗಾಳಿಗೆ ಅಡ್ಡ ನಿಲ್ಲಿಸಿ, ತೇಲಲು ಬಿಡಿ.

ಮೊದಲ ಬಾರಿ ಬಂದವರಿಗೆ ನಾನು ಹೇಳುವುದು ಡ್ಯಾಪಿಂಗ್ ಮಾಡಿ ಎಂದು. ಹದಿನೈದು ಹದಿನಾರು ಅಡಿಯ ಉದ್ದನೆ ರಾಡು, ಗಾಳಿಗೆ ಹಾರುವ ಹಗುರ ರೇಷ್ಮೆಯಂಥ ಎಳೆ, ಅದರ ತುದಿಗೆ ಒಂದು ಮಾರು ನೈಲಾನ್, ಗಾಳಕ್ಕೆ ಎರಡು ಜೀವಂತ ಮೇಫ್ಲೈ. ಹುಳವನ್ನು ಬೆಳಿಗ್ಗೆ ದ್ವೀಪದ ಪೊದೆಗಳಿಂದ ಆರಿಸಿ, ತೂತು ಮಾಡಿದ ಮರದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಬೀಸುವುದೇನೂ ಇಲ್ಲ. ರಾಡು ಎತ್ತಿ ಹಿಡಿದರೆ ಗಾಳಿಯೇ ಎಳೆಯನ್ನು ಮುಂದಕ್ಕೆ ಒಯ್ಯುತ್ತದೆ. ಹುಳ ಮಾತ್ರ ನೀರಿಗೆ ತಾಗಬೇಕು, ನೈಲಾನ್ ತಾಗಬಾರದು.

ಭೀಮೇಶ್ವರಿ ಕಡೆ ಕಾವೇರಿಯಲ್ಲಿ ರಾಗಿಯ ಉಂಡೆ ಕಟ್ಟಿ ಮಹಶೀರ್ ಹಿಡಿದ ಹಿರಿಯರು ಕೆಡಿಸಿಕೊಳ್ಳುವುದು ಇಲ್ಲೇ. ಮಹಶೀರ್ ಎಳೆದೊಡನೆ ಜಗ್ಗಿ ಅಭ್ಯಾಸವಾದ ಕೈ ಅದು. ಇಲ್ಲಿ ಹಾಗೆ ಜಗ್ಗಿದರೆ ಗಾಳ ಬಾಯಿಂದ ಆಚೆ ಬರುತ್ತದೆ. ಟ್ರೌಟ್ ಕೆಲವೊಮ್ಮೆ ಮೊದಲು ಬಾಲದಿಂದ ಹುಳವನ್ನು ಬಡಿದು ಮುಳುಗಿಸುತ್ತದೆ, ತಿನ್ನುವುದು ಆಮೇಲೆ. ತಿಂದರೂ ತಲೆ ತಗ್ಗಿಸಿ ಕೆಳಕ್ಕೆ ತಿರುಗುವವರೆಗೆ ಕಾಯಬೇಕು. ರಾಡಿನ ತುದಿಯನ್ನು ಸ್ವಲ್ಪ ಇಳಿಸಿ, ಎಳೆ ಸಡಿಲ ಬಿಡಿ; ಎಳೆ ತಾನೇ ಬಿಗಿದು ಮುಂದೆ ಸಾಗಿದಾಗ ನಿಧಾನವಾಗಿ ಎತ್ತಿ. ಆ ಎರಡು ಮೂರು ಕ್ಷಣ ಸುಮ್ಮನಿರಲು ಬಂದವನಿಗೆ ಮೀನು ಸಿಗುತ್ತದೆ.

ಗಾಳಿ ಬಿದ್ದ ಸಂಜೆ ಬೇರೆಯೇ ಕಥೆ. ಮೊಟ್ಟೆ ಇಟ್ಟು ಸತ್ತ ಹುಳಗಳು ರೆಕ್ಕೆ ಚಾಚಿ ನೀರಿನ ಮೇಲೆ ಚಪ್ಪಟೆ ಬಿದ್ದಿರುತ್ತವೆ. ಕನ್ನಡಿಯಂತೆ ನಿಂತ ನೀರಿನಲ್ಲಿ ದೊಡ್ಡ ಮೀನುಗಳು ಮೇಲೆ ತೇಲಿಕೊಂಡು ಒಂದೊಂದನ್ನೇ ಹೀರುತ್ತಾ ಸಾಗುತ್ತವೆ. ಒಂದು ಉಂಗುರ, ಎರಡು ಮಾರು ಆಚೆ ಮತ್ತೊಂದು ಉಂಗುರ. ಮೂರನೆಯದು ಎಲ್ಲಿ ಏಳುತ್ತದೆ ಎಂದು ಅಂದಾಜು ಮಾಡಿ ಅದರ ಮುಂದಕ್ಕೆ ಫ್ಲೈ ಇಡಬೇಕು. ಉಂಗುರದ ನಡುವಿಗೇ ಎಸೆದರೆ ಮೀನು ಆಗಲೇ ದಾಟಿ ಹೋಗಿರುತ್ತದೆ. ಹುಟ್ಟು ದೋಣಿಗೆ ತಾಗಿದ ಸದ್ದಾದರೂ ಮುಗಿಯಿತು.

ಇನ್ನು ಆ ಸ್ಪ್ರೇ. ಮೇಲ್ಮೈಯ ಹುಳಕ್ಕೆ ಏಳುವ ಟ್ರೌಟ್ ಕಣ್ಣಿಂದ ನೋಡಿ ಬರುತ್ತದೆ. ಹುಳಕ್ಕೆ ಸೋಂಪಿನ ವಾಸನೆ ಹಚ್ಚಿದರೆ ಮೀನಿಗೆ ಹಸಿವಾಗುತ್ತದೆ ಎಂದು ಮಾರುವವರು ನಿಮ್ಮನ್ನು ಹಿಡಿಯುತ್ತಿದ್ದಾರೆ, ಮೀನನ್ನಲ್ಲ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ದಿನಕ್ಕೆ ಸ್ಥಳೀಯ ಅಂಬಿಗನನ್ನು ಗೊತ್ತು ಮಾಡಿಕೊಳ್ಳಿ. ಕಾರಿಬ್‌ನಲ್ಲಿ ನೀರಿನ ಮಟ್ಟಕ್ಕಿಂತ ಅಂಗೈ ಕೆಳಗೆ ಬಂಡೆಗಳು ಅಡಗಿವೆ, ಅವನ್ನು ಅವನೇ ಬಲ್ಲ. ನೀವೇ ಎಂಜಿನ್ ಹಾಕಿಕೊಂಡು ಹೋಗಿ ಪ್ರೊಪೆಲರ್ ಮುರಿದುಕೊಂಡರೆ ಮೇಫ್ಲೈ ಎದ್ದಿದ್ದೂ ಉಪಯೋಗವಿಲ್ಲ.

ಮೇಫ್ಲೈ ಒಂದೇ ಜೀವನ ಎಂದುಕೊಳ್ಳಬೇಡಿ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಡಕ್‌ಫ್ಲೈ, ಅದರ ಹಿಂದೆಯೇ ಆಲಿವ್, ಜುಲೈ ಸಂಜೆಗಳಲ್ಲಿ ಸೆಡ್ಜ್, ಆಗಸ್ಟ್‌ನಿಂದ ಉದ್ದ ಕಾಲಿನ ಡ್ಯಾಡಿ, ಹೀಗೆ ಬೇರೆ ಹುಳಗಳೂ ಏಳುತ್ತವೆ. ಆಗ ದೋಣಿ ಸುಲಭವಾಗಿ ಸಿಗುತ್ತದೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ.

ಬೆಳಿಗ್ಗೆ ಶಾನನ್ ನದಿಯ ಸರೋವರವಾದ ಡರ್ಗ್‌ನಲ್ಲಿ, ಮಧ್ಯಾಹ್ನ ಕಾರಿಬ್‌ನಲ್ಲಿ ಹಿಡಿಯೋ ಪ್ಲಾನ್. ವೇಡರ್ (ನೀರಿಗಿಳಿಯುವ ಉದ್ದ ಬೂಟು), ಬಲೆ ನಲ್ಲಿ ನೀರಲ್ಲಿ ತೊಳೆದರೆ ಸಾಕಲ್ವಾ? (ಲಿಮ್ರಿಕ್)

ಸಾಲದು. ಈ ಪ್ಲಾನ್ ಕೈಬಿಡಿ. ಡರ್ಗ್‌ನಲ್ಲಿ 1990ರ ದಶಕದಿಂದ ಜೀಬ್ರಾ ಮಸೆಲ್ ಎಂಬ ಚಿಪ್ಪು ಪ್ರಾಣಿ ಕೂತಿದೆ. ಅದರ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ನಿಮ್ಮ ವೇಡರಿನ ಒಂದು ಮಡಿಕೆಯ ನೀರು ಅದಕ್ಕೆ ಸಾಕು. ಕಾರಿಬ್‌ನಲ್ಲಿ 2005ರಲ್ಲಿ ಕಂಡ ಲ್ಯಾಗರೋಸೈಫನ್ ಎಂಬ ಆಫ್ರಿಕಾದ ಕಳೆ ಕೊಲ್ಲಿ ಕೊಲ್ಲಿಗಳನ್ನೇ ಮುಚ್ಚಿ ಹಾಕಿತು. ಕೊನೆಗೆ ಸರೋವರದ ತಳಕ್ಕೆ ಸೆಣಬಿನ ಹಾಸು ಹೊದಿಸಿ ಅದನ್ನು ಸಾಯಿಸಬೇಕಾಯಿತು. ಸಿಗಡಿಯಂಥ ಕ್ರೇಫಿಶ್‌ಗೆ ತಗಲುವ ಪ್ಲೇಗ್ ರೋಗ 2015ರಿಂದ ಒಂದೊಂದೇ ನದಿಗೆ ಹಬ್ಬುತ್ತಿದೆ, ಹೊಕ್ಕಲ್ಲೆಲ್ಲ ಇಲ್ಲಿನ ಒಂದೇ ಒಂದು ಸ್ವದೇಶಿ ಕ್ರೇಫಿಶ್ ಜಾತಿಯನ್ನು ಗುಡಿಸಿ ಹಾಕುತ್ತಿದೆ. ಅದರ ಬೀಜಕಣಗಳಿಗೂ ಒದ್ದೆ ಸಾಮಾನೇ ವಾಹನ.

ನೋಡಿ, ತೊಳೆಯಿರಿ, ಒಣಗಿಸಿ. ಕನಿಷ್ಠ 48 ಗಂಟೆ ಪೂರ್ತಿ ಒಣಗಬೇಕು, ಕಾರಿನ ಡಿಕ್ಕಿಯಲ್ಲಿ ಅಲ್ಲ, ಗಾಳಿಯಾಡುವಲ್ಲಿ. ಎರಡು ನೀರು ಒಂದೇ ದಿನ ನೋಡಲೇಬೇಕೆಂದರೆ ಎರಡು ಜೊತೆ ಸಾಮಾನು ಕೊಳ್ಳಿ. ಈ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬಂದವರಿಗೆ ನಾನು ಮತ್ತೆ ಪತ್ರ ಬರೆದಿಲ್ಲ.

ಮೆಲ್ವಿನ್ ಸರೋವರದ ಗಿಲ್ಲರೂ ಟ್ರೌಟ್‌ಗೆ ಕೋಳಿಯ ಹಾಗೆ ಗಿಜರ್ಡ್ (ತಿಂದದ್ದನ್ನು ಅರೆಯುವ ಹೊಟ್ಟೆ) ಇದೆಯಂತೆ? (ಗಾಲ್ವೇ)

ಇಲ್ಲ. ಅದು ಬಸವನಹುಳು ತಿನ್ನುತ್ತದೆ, ಹೊಟ್ಟೆಯ ಗೋಡೆ ದಪ್ಪಗಿದೆ, ಅಷ್ಟೇ. ಆದರೆ ಮೆಲ್ವಿನ್ ನಿಜಕ್ಕೂ ವಿಶೇಷ ನೀರು. ಒಂದೇ ಸರೋವರದಲ್ಲಿ ಗಿಲ್ಲರೂ, ಸೊನಾಖನ್, ಫೆರಾಕ್ಸ್ ಎಂದು ಮೂರು ಬಗೆಯ ಟ್ರೌಟ್. ವಂಶವಾಹಿಯಲ್ಲೂ ಬೇರೆ ಬೇರೆ ಎಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಆಂಡ್ರ್ಯೂ ಫರ್ಗ್ಯುಸನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಮೊಟ್ಟೆ ಇಡುವ ತೊರೆಗಳೂ ಬೇರೆ, ಹಾಗಾಗಿ ಬೆರೆತಿಲ್ಲ. ಗಿಲ್ಲರೂ ಮೈಮೇಲೆ ದೊಡ್ಡ ಕೆಂಪು ಚುಕ್ಕೆ, ಹೊಟ್ಟೆ ಬಂಗಾರದ ಬಣ್ಣ. ಸೊನಾಖನ್ ಕಪ್ಪು ರೆಕ್ಕೆಯ ಬೆಳ್ಳಿ ಮೀನು, ತೆರೆದ ನೀರಿನಲ್ಲಿ ಈಜುವುದು. ಸಿಕ್ಕರೆ ಫೋಟೋ ತೆಗೆದುಕೊಂಡು ಬಿಟ್ಟುಬಿಡಿ.

ಹಿಡಿದ ಟ್ರೌಟ್ ಮನೆಗೆ ತಂದು ತವಾ ಫ್ರೈ ಮಾಡಬಹುದಾ? (ಡಬ್ಲಿನ್)

ಮಾಡಬಹುದು. ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ನಿಯಮ ಒಂದೊಂದು ನೀರಿಗೆ ಒಂದೊಂದು. ಐಎಫ್‌ಐ ಜಾಲತಾಣ ನೋಡಿಕೊಂಡು ಹೋಗಿ. ನನ್ನನ್ನು ಕೇಳಿದರೆ ಮನೆಗೆ ಒಂದು ಸಾಕು, ಅದೂ ಮಧ್ಯಮ ಗಾತ್ರದ್ದು. ಫ್ರೀಜರ್ ತುಂಬಿಸುವವರು ಸೂಪರ್ ಮಾರ್ಕೆಟ್‌ಗೆ ಹೋಗಲಿ, ಅಲ್ಲಿ ಸಾಕಿದ ಟ್ರೌಟ್ ಸಿಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆ ನೋಡಿ ಮೀನು ಕಚ್ಚುವ ಗಂಟೆ ಹೇಳುವ ಆ್ಯಪ್ ನಂಬಬಹುದಾ? (ಬೆಂಗಳೂರು)

ಪಂಚಾಂಗ ಮನೆಯಲ್ಲೇ ಇದೆಯಲ್ಲ, ಅದಕ್ಕೆ ತಿಂಗಳ ಚಂದಾ ಕೊಡಬೇಕಿಲ್ಲ.

ಐರ್ಲೆಂಡಿನ ದಾಖಲೆ ಟ್ರೌಟ್ ಎಷ್ಟು ದೊಡ್ಡದು, ಅದನ್ನು ಮುರಿಯೋಕೆ ಯಾವ ರಾಡ್ ಬೇಕು? (ಕಾರ್ಕ್)

26 ಪೌಂಡ್ 2 ಔನ್ಸ್, ಎನ್ನೆಲ್ ಸರೋವರ, 1894. ಅದಾದ ಮೇಲೆ ರಾಡುಗಳು ಬಹಳ ಸುಧಾರಿಸಿವೆ, ದಾಖಲೆ ಹಾಗೇ ಇದೆ.

2025ರ ಆಗಸ್ಟ್‌ನಲ್ಲಿ ಬ್ಲ್ಯಾಕ್‌ವಾಟರ್ ನದಿಯಲ್ಲಿ ಸತ್ತ ಮೀನುಗಳ ಫೋಟೋ ಎಲ್ಲಾ ಗ್ರೂಪಿಗೂ ಬಂದಿತ್ತು. ಹಾಗೆ ಕಂಡರೆ ನಾವೇನು ಮಾಡಬೇಕು? (ಮ್ಯಾಲೋ)

ಗ್ರೂಪಿಗೆ ಕಳಿಸುವ ಮುನ್ನ ಐಎಫ್‌ಐಗೆ ಫೋನು ಮಾಡಿ. ದಿನದ 24 ಗಂಟೆಯೂ ನಡೆಯುವ ಸಹಾಯವಾಣಿ ಇದೆ. ಬ್ಲ್ಯಾಕ್‌ವಾಟರ್‌ನಲ್ಲಿ ಸಾವಿರಾರು ಮೀನು, ಹೆಚ್ಚಾಗಿ ಬ್ರೌನ್ ಟ್ರೌಟ್, ಸತ್ತು ತೇಲಿದವು. ನೀರಿಗೆ ಏನು ಬಿದ್ದಿತ್ತು ಎಂದು ಹಿಡಿಯಬೇಕಾದರೆ ಮಾದರಿ ಬೇಗ ತೆಗೆಯಬೇಕು. ಹರಿಯುವ ನದಿ ಸಾಕ್ಷಿಯನ್ನು ಇಟ್ಟುಕೊಂಡು ಕೂರುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ನೀರಿನ ಬಣ್ಣ ಹೇಗಿತ್ತು ಬರೆದಿಟ್ಟುಕೊಳ್ಳಿ. ಸತ್ತ ಮೀನನ್ನು ಮುಟ್ಟಬೇಡಿ, ನಾಯಿಯನ್ನೂ ಬಿಡಬೇಡಿ.

ನನಗೆ ಚೆನ್ನಾಗಿ ಈಜು ಬರುತ್ತೆ. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕ್ಕೊಳ್ಳಲೇಬೇಕಾ? (ಲಿಮ್ರಿಕ್)

7 ಮೀಟರಿಗಿಂತ ಚಿಕ್ಕ ತೆರೆದ ದೋಣಿಯಲ್ಲಿ ಹಾಕಲೇಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ. ಸರೋವರದ ದೋಣಿಗಳೆಲ್ಲ ಅದಕ್ಕಿಂತ ಚಿಕ್ಕವು. ನೀವು ಈಜು ಕಲಿತದ್ದು ಊರಿನ ಕೆರೆಯಲ್ಲೋ ಬಾವಿಯಲ್ಲೋ. ಏಪ್ರಿಲ್‌ನ ಕಾರಿಬ್‌ಗೆ ಬಿದ್ದರೆ ಮೊದಲು ಉಸಿರು ಹಿಡಿಯುತ್ತದೆ, ಆಮೇಲೆ ಕೈಕಾಲು ಸೋಲುತ್ತದೆ, ಈಜುವ ಮಾತು ಅಲ್ಲಿಗೇ ಮುಗಿಯಿತು. ಜಾಕೆಟ್ ಬೇಡ ಎನ್ನುವವರು ಬೇರೆ ದೋಣಿ ನೋಡಿಕೊಳ್ಳಲಿ.